ಬೀಗರೂ ಗಾಳವೂ

ಅರವತ್ತು ತುಂಬಿದ ಮೇಲೆ ಮನುಷ್ಯನಿಗೆ ಹೊಸ ವಿದ್ಯೆ ಹತ್ತುವುದಿಲ್ಲವೆಂದು ಹೇಳುತ್ತಾರೆ. ನಿಜವಿರಬಹುದು. ಸಂಗೀತಕ್ಕೆ ಕಂಠ ಬೇಕು, ಯೋಗಾಸನಕ್ಕೆ ಮಂಡಿ ಬೇಕು, ಕಂಪ್ಯೂಟರಿಗೆ ಕಣ್ಣು ಬೇಕು. ಆದರೆ ಸುಮ್ಮನೆ ಕೂತಿರುವ ಶಕ್ತಿಯೊಂದನ್ನೇ ಬಂಡವಾಳವಾಗಿ ಬೇಡುವ ವಿದ್ಯೆಯೂ ಒಂದಿದೆ. ಮೂವತ್ತಾರು ವರ್ಷ ಲೆಕ್ಕಪತ್ರದ ಕಚೇರಿಯಲ್ಲಿ ಕುರ್ಚಿ ಸವೆಸಿದವನಿಗೆ ಅದಕ್ಕಿಂತ ಹೇಳಿ ಮಾಡಿಸಿದಂಥದು ಇನ್ನೊಂದಿಲ್ಲ. ಅದೇ ಗಾಳ ಹಾಕುವ ವಿದ್ಯೆ.

ನಾನೋ ಹುಟ್ಟು ಸಸ್ಯಾಹಾರಿ. ಮೀನಿನೊಡನೆ ನನಗಿದ್ದ ಪರಿಚಯವೆಲ್ಲ ಪುಸ್ತಕದ್ದು. ದಶಾವತಾರಗಳಲ್ಲಿ ಅದು ಮೊದಲನೆಯದು, ರಾಶಿಗಳಲ್ಲಿ ಕೊನೆಯದು. ನಡುವೆ ಎಲ್ಲೋ ಶಕುಂತಲೆಯ ಉಂಗುರವನ್ನು ನುಂಗಿದ್ದು. ಇಂಥವನು ಗಾಳ ಹಿಡಿದದ್ದೇಕೆ ಎಂದು ನೀವು ಕೇಳಬಹುದು. ಮೀನಿಗಾಗಿ ಅಲ್ಲ, ಬೀಗರಿಗಾಗಿ.

ನನ್ನ ಮಗಳು ತನ್ನ ಗಂಡನನ್ನು ತಾನೇ ಆರಿಸಿಕೊಂಡಳು. ಹುಡುಗ ಗುಣವಂತ, ಮಾತಿಗೆ ಮುಂಚೆ ನಗುವವನು. ಅವನ ತಂದೆತಾಯಿ ಇರುವುದು ತಿರುಮಕೂಡಲು ನರಸೀಪುರದ ಹತ್ತಿರ, ಕಾವೇರಿ ದಂಡೆಯ ಒಂದು ಹಳ್ಳಿಯಲ್ಲಿ. ಮೈಸೂರಿನಿಂದ ಅಲ್ಲಿಗೆ ಬಸ್ಸಿನಲ್ಲಿ ಗಂಟೆಯ ದಾರಿ. ಆದರೆ ಮಜ್ಜಿಗೆಹುಳಿಯಿಂದ ಮೀನುಸಾರಿಗೆ ಇರುವ ದಾರಿ ಅಷ್ಟು ಹತ್ತಿರದ್ದಲ್ಲ.

ಮದುವೆಯಾಗಿ ಎರಡು ವರ್ಷವಾದರೂ ಬೀಗರಿಗೂ ನನಗೂ ಮೂರೇ ಪ್ರಶ್ನೆಗಳ ಬಳಕೆ. ಮಳೆ ಹೇಗಿದೆ? ಬೆಳೆ ಹೇಗಿದೆ? ರಕ್ತದೊತ್ತಡ ಹೇಗಿದೆ? ಇವು ಮುಗಿದರೆ ಇಬ್ಬರೂ ಗೋಡೆಯ ಗಡಿಯಾರದ ಕಡೆ ನೋಡುತ್ತಿದ್ದೆವು. ಊಟದ ಹೊತ್ತಿಗೆ ನನಗೂ ನನ್ನಾಕೆಗೂ ನಡುಮನೆಯಲ್ಲಿ ಮೊದಲು ಎಲೆ ಬೀಳುತ್ತಿತ್ತು. ನಮಗಾಗಿಯೇ ಕೊಂಡ ಹೊಸ ಪಾತ್ರೆಗಳು, ನಮಗಾಗಿಯೇ ಬೇರೆ ಒಲೆ. ನಾವು ಕೈತೊಳೆದ ಮೇಲೆ ಅವರ ಊಟ ಒಳಗೆ. ಅವರು ಅದನ್ನು ಮರ್ಯಾದೆ ಎನ್ನುತ್ತಿದ್ದರು. ನಾವೂ ಮರ್ಯಾದೆ ಎಂದೇ ಎನ್ನುತ್ತಿದ್ದೆವು. ಮಗಳು ಎರಡು ಪಂಕ್ತಿಗೂ ಬಡಿಸಿ, ಮೂರನೆಯ ಪಂಕ್ತಿಯಲ್ಲಿ ಒಬ್ಬಳೇ ಕೂತು ಉಣ್ಣುತ್ತಿದ್ದಳು.

ಒಂದು ಭಾನುವಾರ ಬೆಳಿಗ್ಗೆ ಮೂರು ಪ್ರಶ್ನೆಗಳೂ ಬೇಗನೆ ಮುಗಿದುಹೋದವು. ಬೀಗರು ಸೂರಿನಿಂದ ಬಿದಿರುಕೋಲು ಇಳಿಸಿ, "ಹೊಳೆ ಕಡೆ ಹೋಗ್ಬತ್ತೀನಿ, ನೀವು ಪೇಪರ್ ಓದ್ತಿರಿ" ಎಂದರು. ಪೇಪರನ್ನು ಆಗಲೇ ಎರಡು ಸಲ ಓದಿದ್ದೆ. "ನಾನೂ ಬರಲೇ?" ಎಂದೆ. ಅವರು ನನ್ನ ಬಿಳಿ ಪಂಚೆಯನ್ನೂ ಮುಖವನ್ನೂ ನೋಡಿ, ಏನೂ ಹೇಳದೆ ಸೂರಿನಿಂದ ಇನ್ನೊಂದು ಕೋಲು ಇಳಿಸಿದರು.

ಮೊದಲ ಪಾಠ ಗಂಟಿನದು. ನೈಲಾನ್ ದಾರವನ್ನು ಗಾಳದ ಕಣ್ಣಿನಲ್ಲಿ ಪೋಣಿಸಿ, ಅದೇ ದಾರದ ಮೇಲೆ ಐದಾರು ಸುತ್ತು ಸುತ್ತಿ, ತುದಿಯನ್ನು ಕಣ್ಣಿನ ಪಕ್ಕದ ಕುಣಿಕೆಯೊಳಗೆ ಹಿಂದಕ್ಕೆ ತಂದು ಬಿಗಿಯಬೇಕು. ನಾನು ಬಿಗಿಯಹೊರಟೆ. "ತಾಳಿ ಬೀಗ್ರೇ, ಎಂಜಲು ಹಚ್ಚಿ" ಎಂದರು. ಒಣದಾರ ಉಜ್ಜಿಕೊಂಡರೆ ಬಿಸಿಯಾಗಿ ಸೋಲುತ್ತದೆ. ಒದ್ದೆಯಿದ್ದರೆ ಜಾರಿ ಗಟ್ಟಿಯಾಗಿ ಕೂರುತ್ತದೆ. ಲೋಟ ಎತ್ತಿ ನೀರು ಕುಡಿಯುವ ಮನೆತನದಲ್ಲಿ ಹುಟ್ಟಿದ ನಾನು, ಅರವತ್ತೆರಡನೆಯ ವಯಸ್ಸಿನಲ್ಲಿ, ಹೊಳೆದಂಡೆಯ ಮೇಲೆ ಗಂಟನ್ನು ಬಾಯಿಗಿಟ್ಟುಕೊಂಡೆ. ಗಂಟು ಇಂದಿಗೂ ಬಿಚ್ಚಿಲ್ಲ.

ಎರಡನೆಯ ಪಾಠ ಬೆಂಡಿನದು. ಜೋಳದ ದಂಟಿನ ಒಂದು ತುಂಡು. ಅದರ ಕೆಳಗೆ ಸೀಸದ ಗುಂಡು, ಅದಕ್ಕೂ ಕೆಳಗೆ ಗಾಳ. ಬೆಂಡನ್ನು ದಾರದ ಮೇಲೆ ಮೇಲಕ್ಕೂ ಕೆಳಕ್ಕೂ ಸರಿಸಿದರೆ ಗಾಳ ಎಷ್ಟು ಆಳದಲ್ಲಿ ತೂಗಬೇಕೆಂಬುದು ಗೊತ್ತಾಗುತ್ತದೆ. ಬೆಂಡು ನಡುಗಿದ ಕೂಡಲೇ ಎಳೆಯಬಾರದು: ಮೀನು ಆಗಿನ್ನೂ ರುಚಿ ನೋಡುತ್ತಿರುತ್ತದೆ. ಅದು ಮುಳುಗಬೇಕು, ಇಲ್ಲವೆ ಓರೆಯಾಗಿ ಓಡಬೇಕು. ಆಗ ಮಣಿಕಟ್ಟು ಮಾತ್ರ ಎತ್ತಬೇಕು. ಮೀನ ಮೇಷ ಎಣಿಸುವವನಿಗೂ ಇದು ಒದಗದು, ಆತುರಗಾರನಿಗೂ ಒದಗದು.

ಮೂರನೆಯ ಪಾಠ ನನಗೆ ಆಶ್ಚರ್ಯ ತಂದದ್ದು. ಗಾಳ ಹಾಕುವವರು ಮೌನವ್ರತ ಹಿಡಿಯಬೇಕೆಂದೇ ನಾನು ತಿಳಿದಿದ್ದೆ. ಬೀಗರು ನಕ್ಕರು. "ಮಾತಾಡಿ, ಪರವಾಗಿಲ್ಲ. ಕಾಲು ಮಾತ್ರ ಬಡೀಬೇಡಿ." ಆಮೇಲೆ ಪುಸ್ತಕ ತೆಗೆದು ನೋಡಿದಾಗ ಅವರ ಮಾತಿಗೆ ವಿಜ್ಞಾನವೂ ಸಾಕ್ಷಿ ಹೇಳಿತು. ಗಾಳಿಯಲ್ಲಿ ಬಂದ ಸದ್ದು ನೀರಿನ ಮೈಗೆ ತಾಗಿ ಬಹುಪಾಲು ಹಿಂದಿರುಗಿಬಿಡುತ್ತದೆ. ದಂಡೆಯ ಮೇಲಿನ ಹೆಜ್ಜೆಯ ಅದುರು ಮಾತ್ರ ಮಣ್ಣಿನ ಮೂಲಕ ನೀರಿಗಿಳಿಯುತ್ತದೆ. ಮೀನಿನ ಇಕ್ಕೆಲದಲ್ಲಿರುವ ಸೂಕ್ಷ್ಮವಾದ ಒಂದು ಗೆರೆ ನೀರಿನ ಅಲುಗಾಟವನ್ನು ಹಿಡಿಯಬಲ್ಲುದು. ಹೀಗೆ, ಕಾಲುಗಳನ್ನು ಸುಮ್ಮನಿರಿಸಿ, ಬೀಗರಿಬ್ಬರೂ ಮೊದಲ ಬಾರಿಗೆ ಮಾತಿಗೆ ಕೂತೆವು.

ಅವರು ರಾಗಿಮುದ್ದೆಯ ಮಾತು ತೆಗೆದರು. ಕಾವೇರಿಯ ದೊಡ್ಡ ಬಿಳಿಮೀನಿಗೆ ರಾಗಿ ಹಿಟ್ಟಿನ ಉಂಡೆಯೆಂದರೆ ಪ್ರಾಣ. ಇಂಗ್ಲಿಷರು ಮಹಸೀರ್ ಎಂದು ಹಂಬಲಿಸಿದ್ದು ಈ ಜಾತಿಯನ್ನೇ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡು ತೂಗುವ ಒಂದನ್ನು ಗಾಳದಿಂದ ಎತ್ತಿದರು. ಅಂಥ ಗೂನುಬೆನ್ನಿನ ಮೀನು ಈಗ ಅಳಿವಿನ ಅಂಚಿಗೆ ಬಂದಿದೆ. 2018ರಲ್ಲಿ ಅದನ್ನು ತೀವ್ರ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಿದರು. "ನಮ್ ತಾತ ಕಂಡಿದ್ರು, ನಾನು ಕಾಣ್ಲಿಲ್ಲ. ಬಂದ್ರೂ ಕೈ ಒದ್ದೆ ಮಾಡ್ಕೊಂಡು ಹಿಡ್ದು ಬಿಟ್ಬಿಡ್ಬೇಕು" ಎಂದರು. ಒಣಕೈ ತಾಗಿದರೆ ಮೀನಿನ ಮೈಮೇಲಿನ ಲೋಳೆ ಹೋಗಿ ಅದಕ್ಕೆ ರೋಗ ಹತ್ತುತ್ತದೆಯಂತೆ.

ಪ್ರತಿಯಾಗಿ ನಾನು ನನ್ನ ಗಂಟಿನಿಂದ ಮಾನಸೋಲ್ಲಾಸವನ್ನು ತೆಗೆದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಅದನ್ನು ರಚಿಸಿದಾಗ, ಅರಸನ ವಿನೋದಗಳ ನಡುವೆ ಮತ್ಸ್ಯವಿನೋದಕ್ಕೂ ಒಂದು ಅಧ್ಯಾಯ ಕೊಟ್ಟ. "ದೊರೇನೂ ನಮ್ ಹಂಗೆ ಕೂತಿದ್ನಾ!" ಎಂದು ಬೀಗರು ಬೆಂಡಿನಿಂದ ಕಣ್ಣು ತೆಗೆಯದೆ ಸಂತೋಷಪಟ್ಟರು. ಆಮೇಲೆ ಶಾಕುಂತಲದ ಬೆಸ್ತನ ಕಥೆ ಹೇಳಿದೆ. ಉಂಗುರ ಸಿಕ್ಕಿದವನನ್ನು ಕಾವಲಿನವರು ಕಳ್ಳನೆಂದು ಬೈದು ಕಟ್ಟಿ ತರುತ್ತಾರೆ; ರಾಜ ಉಂಗುರದ ಬೆಲೆಯಷ್ಟೇ ಬಹುಮಾನ ಕೊಡುತ್ತಾನೆ; ಬೆಸ್ತ ಅದರಲ್ಲಿ ಅರ್ಧವನ್ನು ಆ ಕಾವಲಿನವರಿಗೇ ಕೊಡುತ್ತಾನೆ; ಎಲ್ಲರೂ ಗೆಳೆಯರಾಗಿ ಹೆಂಡದಂಗಡಿಗೆ ಹೊರಡುತ್ತಾರೆ. ಬೀಗರು ಸ್ವಲ್ಪ ಯೋಚಿಸಿ ಹೇಳಿದರು: "ಬೈದೋರಿಗೇ ಅರ್ಧ ಕೊಟ್ನಾ? ಹಂಗಾದ್ರೆ ಅವ್ರು ಬೀಗ್ರೇ ಇರ್ಬೇಕು."

ಐದು ಭಾನುವಾರ ನನಗೆ ಏನೂ ಬೀಳಲಿಲ್ಲ. ಎರೆಹುಳುಗಳನ್ನು ಮೀನುಗಳಿಗೆ ದಾನಮಾಡಿ ಬರುತ್ತಿದ್ದೆ. ಆರನೆಯ ಭಾನುವಾರ ಬೆಂಡು ಒಮ್ಮೆ ನಡುಗಿತು, ನಿಂತಿತು, ಓರೆಯಾಗಿ ಹೊರಟಿತು. ಮಣಿಕಟ್ಟು ಎತ್ತಿದೆ. ಕೋಲಿನ ತುದಿಯಿಂದ ಅಂಗೈಗೆ ಒಂದು ಜೀವದ ಮಿಡಿತ ಬಂತು. ಅದನ್ನು ಯಾವ ಪುಸ್ತಕವೂ ನನಗೆ ಹೇಳಿಕೊಟ್ಟಿರಲಿಲ್ಲ. ದಂಡೆಗೆ ಬಂದದ್ದು ಅಂಗೈಯಗಲದ ಬೂದು ಮೀನು. "ಜಿಲೇಬಿ!" ಎಂದರು ಬೀಗರು. ಆ ಮೀನಿನ ಹೆಸರೇ ಹಾಗೆ.

ಅದು ಬಾಯಿ ತೆರೆದು ಮುಚ್ಚುತ್ತಿತ್ತು. ನನಗೆ ಕೈ ಬರಲಿಲ್ಲ. "ಬಿಟ್ಟುಬಿಡಲೇ?" ಎಂದೆ.

"ನಿಮ್ ಮೀನು, ನಿಮ್ಮಿಷ್ಟ" ಎಂದು ಅವರು ಜಿಲೇಬಿಯ ಚರಿತ್ರೆ ಹೇಳಿದರು. ಆಫ್ರಿಕದ ಜಾತಿ, ನಮ್ಮ ದೇಶಕ್ಕೆ ತಂದದ್ದು 1952ರಲ್ಲಿ. ಆಮೇಲೆ ಕೆರೆಯಿಂದ ಕೆರೆಗೆ, ಹೊಳೆಯಿಂದ ಹೊಳೆಗೆ ಹಬ್ಬಿ ನಮ್ಮ ಮೀನುಗಳ ಜಾಗವನ್ನೂ ಆಹಾರವನ್ನೂ ಕಿತ್ತುಕೊಂಡಿದೆ. ಹಬ್ಬಲು ಕಾರಣ ಅದರ ತಾಯ್ತನ. ತಾಯಿಮೀನು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ. ಅಷ್ಟು ದಿನವೂ ಅದಕ್ಕೆ ಹೆಚ್ಚುಕಡಿಮೆ ಉಪವಾಸ. ಮರಿಗಳು ಹೊರಗೆ ಬಂದಮೇಲೂ ಹೆದರಿಕೆಯಾದರೆ ಮತ್ತೆ ತಾಯಿಯ ಬಾಯೊಳಗೆ ನುಗ್ಗುತ್ತವೆ. "ಒಂದು ದಿನ ಬಾಯಿ ತೆಗೆಯಾದ ನಿಲ್ಲಿಸ್ತದೆ ಬೀಗ್ರೇ. ಅವು ದೊಡ್ಡವಾದ್ವು ಅಂತ ಅದಕ್ಕೆ ತಿಳೀತದೆ."

ಅವರು ಮೀನಿನ ಮಾತನ್ನೇ ಆಡಿದರೋ ಬೇರೇನನ್ನೋ, ನಾನು ಕೇಳಲಿಲ್ಲ. ಮೀನನ್ನು ಅವರ ಬುಟ್ಟಿಗೆ ಹಾಕಿದೆ.

ಮನೆಯಲ್ಲಿ ಸುದ್ದಿ ಕೇಳಿದ ಮಗಳು ಬಾಗಿಲಲ್ಲೇ ನಿಂತುಬಿಟ್ಟಳು. ಮಧ್ಯಾಹ್ನ ಬೀಗಿತ್ತಿಯವರು ಎಂದಿನಂತೆ ನಡುಮನೆಯಲ್ಲಿ ಎರಡು ಎಲೆ ಹಾಕಿದರು. ನಾನು ನನ್ನಾಕೆಯ ಮುಖ ನೋಡಿದೆ. ಅವಳೇ ಎದ್ದು ಎರಡು ಎಲೆಗಳನ್ನೂ ಎತ್ತಿಕೊಂಡು ಒಳಗೆ ಹೋಗಿ, ಅವರ ಎಲೆಗಳ ಸಾಲಿಗೆ ಸೇರಿಸಿದಳು. "ವಾಸನೆ ಬರ್ತದೆ, ಬೀಗಿತ್ತಿ" ಎಂದು ಅವರು ಗಾಬರಿಯಾದರು. "ಬರಲಿ ಬಿಡಿ. ಇವರು ಹಿಡಿದು ತಂದದ್ದಲ್ಲವೆ?" ಎಂದಳು ನನ್ನಾಕೆ.

ನಮ್ಮ ಎಲೆಗೆ ಹುರುಳಿಕಾಳಿನ ಬಸ್ಸಾರು, ಅವರ ಎಲೆಗೆ ಮೀನುಸಾರು. ವಾಸನೆ ಬಂತು, ಊಟವೂ ನಡೆಯಿತು. ಬಡಿಸುತ್ತಿದ್ದ ಮಗಳ ಕೈಯಿಂದ ಸೌಟು ಕಸಿದುಕೊಂಡು ಅಳಿಯ, "ನೀನೂ ಕೂತ್ಕೋ" ಎಂದ. ಅವಳು ನನಗೂ ಅವಳ ಮಾವನಿಗೂ ನಡುವೆ ಎಲೆ ಹಾಕಿಕೊಂಡಳು. ಅವಳ ಎಲೆಯಲ್ಲಿ ಏನಿತ್ತೆಂದು ನಾನು ನೋಡಲಿಲ್ಲ. ಹೊಟ್ಟೆ ತುಂಬ ಉಂಡಳೆಂಬುದನ್ನು ಮಾತ್ರ ನೋಡಿದೆ.

ಲೆಕ್ಕದ ಮನುಷ್ಯನಾದ್ದರಿಂದ ಲೆಕ್ಕ ಒಪ್ಪಿಸುತ್ತೇನೆ: ಭಾನುವಾರಗಳು ಹದಿನಾಲ್ಕು, ನನ್ನ ಗಾಳಕ್ಕೆ ಬಿದ್ದ ಮೀನು ನಾಲ್ಕು, ಪಂಕ್ತಿ ಒಂದು. ಈಗ ಮಳೆಗಾಲ. ಹೊಳೆ ಕೆಂಪಾಗಿ ತುಂಬಿ ಹರಿಯುತ್ತಿದೆ, ಕೋಲುಗಳು ಸೂರು ಸೇರಿವೆ. ಆದರೂ ಭಾನುವಾರದ ಬಸ್ಸನ್ನು ನಾವು ತಪ್ಪಿಸಿಲ್ಲ.