ಜಾಲ, ಜಾಲು ಮತ್ತು ಎಂಟು ಬಣ್ಣದ ವಯರು

ಕಾಸರಗೋಡಿನ ನಮ್ಮ ಕಡೆ ಬೋರ್ಡಿನ ಮೇಲೆ "ಗಣಕಜಾಲ" ಎಂದು ಬರೆದರೆ ಮೊದಲು ನಗು ಏಳುತ್ತದೆ. ತುಳು ಮನೆಮಾತಿನ ಮಕ್ಕಳಿಗೆ ಜಾಲ್ ಎಂದರೆ ಅಂಗಳ. ಹವ್ಯಕರ ಮನೆಯ ಮಕ್ಕಳಿಗೂ ಜಾಲು ಅಂಗಳವೇ. ಅಡಿಕೆ ಒಣಗಿಸುವ ಜಾಗಕ್ಕೂ ಕಂಪ್ಯೂಟರಿಗೂ ಏನು ಸಂಬಂಧ ಎಂದು ಮುಖ ಮುಖ ನೋಡಿಕೊಳ್ಳುತ್ತಾರೆ. ಮಲಯಾಳದವರು ಇದಕ್ಕೆ ಶೃಂಖಲ ಎನ್ನುತ್ತಾರೆ, ಅದು ಕನ್ನಡದ ಕಿವಿಗೆ ಕಾಲಿನ ಸಂಕೋಲೆ! ಕೊನೆಗೆ ನಾವು ನೆಟ್‌ವರ್ಕ್ ಎಂದೇ ಬರೆದೆವು. ಪದದ ಜಗಳದಲ್ಲಿ ಒಂದು ಪೀರಿಯಡ್ ಕಳೆಯುವುದಕ್ಕಿಂತ ವಸ್ತುವನ್ನೇ ಮಕ್ಕಳ ಕೈಗೆ ಕೊಡುವುದು ಮೇಲು.

ನಮ್ಮದು ಯು.ಪಿ. ಶಾಲೆ. ನೆಟ್‌ವರ್ಕಿನ ಪಾಠ ಮಕ್ಕಳಿಗೆ ಸರಿಯಾಗಿ ಸಿಗುವುದು ಹೈಸ್ಕೂಲಿಗೆ ಹೋದ ಮೇಲೆ. ಆದರೂ ಆರು, ಏಳನೆಯವರಿಗೆ ಶನಿವಾರ ಲ್ಯಾಬಿನಲ್ಲಿ ಇದನ್ನು ಹೇಳಿಕೊಡಲು ಕಾರಣ ಉಂಟು. ಪ್ರತಿ ವರ್ಷ ಶಾಲೆ ಶುರುವಾಗುವ ಹೊತ್ತಿಗೆ ಯಾರಾದರೊಬ್ಬ ತಂದೆ ಆಫೀಸಿನ ಬಾಗಿಲಲ್ಲಿ ನಿಲ್ಲುತ್ತಾರೆ. "ಟೀಚರೇ, ಬೇಜಾರು ಮಾಡ್ಬೇಡಿ. ಮಗಳಿಗೆ ಟಿ.ಸಿ. ಬೇಕಿತ್ತು. ಕಂಪ್ಯೂಟರ್ ಎಲ್ಲ ಕಲಿಯುವುದು ಕನ್ನಡ ಮೀಡಿಯಂನಲ್ಲಿ ಆಗ್ಲಿಕ್ಕಿಲ್ಲ ಅಲ್ವಾ?" ಅವರನ್ನು ಬೈದು ಪ್ರಯೋಜನವಿಲ್ಲ, ಮಗುವಿನ ಒಳ್ಳೆಯದಕ್ಕೇ ಕೇಳುವುದು. ಆದರೆ ಕೇರಳದಲ್ಲಿ ಆರನೇ ಕೆಲಸದ ದಿನ ತಲೆ ಎಣಿಸುತ್ತಾರೆ. ಸಂಖ್ಯೆ ಕಡಿಮೆಯಾದರೆ ಡಿವಿಷನ್ ಹೋಗುತ್ತದೆ, ಡಿವಿಷನ್ ಜತೆ ಹುದ್ದೆಯೂ ಹೋಗುತ್ತದೆ. ಇದು ಈ ಬ್ಲಾಗಿನ ಓದುಗರಿಗೆ ನಾವು ಬಿಡಿಸಿ ಹೇಳಬೇಕಾದ ವಿಷಯವಲ್ಲ.

ಇರಲಿ, ಲ್ಯಾಬಿಗೆ ಬರೋಣ. ಮೊದಲು ವಯರು. ನೀಲಿ ಸಿಪ್ಪೆ ಸುಲಿದರೆ ಒಳಗೆ ಎಂಟು ಎಳೆ, ಎರಡೆರಡು ಒಂದಕ್ಕೊಂದು ಹೊಸೆದುಕೊಂಡು ನಾಲ್ಕು ಜೋಡಿ. ಹೊಸೆದಿರುವುದು ಚಂದಕ್ಕಲ್ಲ. ಒಂದು ಜೋಡಿಯ ಎರಡು ಎಳೆಗಳಲ್ಲಿ ಸಂಕೇತ ಒಂದಕ್ಕೊಂದು ವಿರುದ್ಧವಾಗಿ ಹರಿಯುತ್ತದೆ. ಹತ್ತಿರದ ಕರೆಂಟು ವಯರಿನಿಂದ ಬರುವ ಕಿರಿಕಿರಿ ಹೊಸೆದ ಎರಡಕ್ಕೂ ಹೆಚ್ಚುಕಡಿಮೆ ಸಮನಾಗಿ ತಾಗುತ್ತದೆ. ಆ ಕಡೆಯ ಕಂಪ್ಯೂಟರ್ ಎರಡರ ವ್ಯತ್ಯಾಸವನ್ನು ಮಾತ್ರ ಓದುವುದರಿಂದ ಕಿರಿಕಿರಿ ಕಳೆದುಹೋಗುತ್ತದೆ. ಆದ್ದರಿಂದ ತುದಿಯಲ್ಲಿ ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚಬಾರದು. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಮಕ್ಕಳು ಇದನ್ನು ಮಗ್ಗಿಯ ಹಾಗೆ ಹೇಳುತ್ತಾ ಆರ್‌ಜೆ45 ಎಂಬ ಪ್ಲಾಸ್ಟಿಕ್ ತಲೆಯೊಳಗೆ ತೂರಿಸಿ ಕ್ರಿಂಪಿಂಗ್ ಟೂಲಿನಿಂದ ಒತ್ತುತ್ತಾರೆ. "ಹಸಿರಿನ ಜೋಡಿಯನ್ನು ಮಾತ್ರ ಯಾಕೆ ದೂರ ಮಾಡಿದ್ದು ಟೀಚರ್?" ಎಂದು ಒಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ! 100 ಮೆಗಾಬಿಟ್ ವೇಗದಲ್ಲಿ 1, 2, 3, 6ನೇ ಎಳೆಗಳು ಮಾತ್ರ ಕೆಲಸ ಮಾಡುತ್ತವೆ. ನಡುವಿನ ಎರಡು ಸ್ಥಾನ ಮೊದಲು ಟೆಲಿಫೋನಿಗೆ ಸೇರಿದ್ದವು. 1000 ಮೆಗಾಬಿಟ್ ಬೇಕಾದರೆ ಎಂಟೂ ದುಡಿಯಬೇಕು.

ನಂತರ ಸ್ವಿಚ್. ಹೆಸರು ಕೇಳಿ ಎಲ್ಲರೂ ಗೋಡೆಯ ಕಡೆ ನೋಡಿದರು. ಲೈಟಿನದ್ದಲ್ಲ ಮಕ್ಕಳೇ, ಈ ಡಬ್ಬಿ! ಹಳೆಯ ಕಾಲದ ಹಬ್ ಎಂಬ ಡಬ್ಬಿ ಜಾತ್ರೆಯ ಮೈಕಿನ ಹಾಗೆ, ಒಬ್ಬರಿಗೆ ಹೇಳಬೇಕಾದದ್ದನ್ನು ಎಲ್ಲರಿಗೂ ಕೂಗುತ್ತಿತ್ತು. ಸ್ವಿಚ್ ಹೊಸದಾಗಿ ಊರಿಗೆ ಬಂದ ಪೋಸ್ಟ್‌ಮ್ಯಾನ್ ಇದ್ದ ಹಾಗೆ. ಮೊದಲ ದಿನ ಯಾರ ಮನೆ ಎಲ್ಲಿ ಎಂದು ಗೊತ್ತಿಲ್ಲದೆ ಎಲ್ಲ ಬಾಗಿಲೂ ತಟ್ಟುತ್ತಾನೆ. ಯಾವ ಬಾಗಿಲಿನಿಂದ ಯಾರ ಕಾಗದ ಬಂತು ಎಂದು ಬರೆದಿಟ್ಟುಕೊಂಡು, ಮುಂದೆ ನೇರ ಅಲ್ಲಿಗೇ ಹೋಗುತ್ತಾನೆ. ಅವನು ನೋಡುವ ಹೆಸರು ಪ್ರತಿ ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡಿಗೆ ತಯಾರಿಸುವಾಗಲೇ ಕೊಟ್ಟ 48 ಬಿಟ್‌ಗಳ ಮ್ಯಾಕ್ ವಿಳಾಸ.

ಐ.ಪಿ. ವಿಳಾಸ ಬೇರೆ. ಅದನ್ನು ನಾವು ಕೊಡಬಹುದು, ಬದಲಾಯಿಸಬಹುದು. 192.168.1.5, 192.168.1.6 ಎಂದು ಚೀಟಿ ಬರೆದು ಕಂಪ್ಯೂಟರುಗಳಿಗೆ ಅಂಟಿಸಿದೆವು. ಒಂದು ಮೂಲೆಯಿಂದ ಪಿಂಗ್ ಹೊಡೆದು ಇನ್ನೊಂದು ಮೂಲೆಯ ಉತ್ತರ ಒಂದು ಮಿಲಿಸೆಕೆಂಡಿನೊಳಗೆ ಬಂದಾಗ ಲ್ಯಾಬಿನಲ್ಲಿ ಎದ್ದ ಗದ್ದಲಕ್ಕೆ ಪಕ್ಕದ ಕ್ಲಾಸಿನಿಂದ ಮಾಷ್ಟ್ರು ಬಂದು ಇಣುಕಿದರು. ಇದೇ 192.168ರ ನಂಬರು ಬೇರೆ ಶಾಲೆಗಳಲ್ಲೂ ಇರಬಹುದು. ಹೊರಗೆ ಹೋಗುವಾಗ ರೂಟರ್ ತನ್ನ ವಿಳಾಸ ಹಾಕಿ ಕಳಿಸುತ್ತದೆ, ಉತ್ತರ ಬಂದಾಗ ಯಾರದ್ದೆಂದು ನೋಡಿ ಒಳಗೆ ಹಂಚುತ್ತದೆ.

ಇಷ್ಟೆಲ್ಲ ಇದ್ದೂ ಮಾತು ತಲುಪದೆ ಇರಬಹುದು. ಹಿಂದೆ ಹಳೆಯ ಫಾಂಟಿನಲ್ಲಿ ಕನ್ನಡ ಟೈಪ್ ಮಾಡಿ ಕಳಿಸಿದ ಪ್ರಶ್ನೆಪತ್ರಿಕೆ, ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಕಸವಾಗಿ ತೆರೆದುಕೊಳ್ಳುತ್ತಿತ್ತು. ವಯರು ಸರಿ, ಸ್ವಿಚ್ ಸರಿ, ವಿಳಾಸವೂ ಸರಿ. ಎರಡು ತುದಿಗಳ ನಡುವೆ ಒಪ್ಪಂದ ಇರಲಿಲ್ಲ, ಅಷ್ಟೆ. ಅಂಥ ಒಪ್ಪಂದಗಳಿಂದಲೇ ನೆಟ್‌ವರ್ಕ್ ನಡೆಯುವುದು. ಸಾಗಿಸುವ ನಿಯಮಕ್ಕೆ ಪ್ರೊಟೊಕಾಲ್ ಎನ್ನುತ್ತಾರೆ, ಅಕ್ಷರಗಳ ಒಪ್ಪಂದ ಯುನಿಕೋಡ್. 1991ರ ಮೊದಲ ಆವೃತ್ತಿಯಲ್ಲೇ ಅದರಲ್ಲಿ ಕನ್ನಡಕ್ಕೆ ಜಾಗ ಇತ್ತು. ಈಗ "ಕ" ಎಂಬ ಅಕ್ಷರ ವಯರಿನಲ್ಲಿ 224, 178, 149 ಎಂಬ ಮೂರು ಬೈಟುಗಳಾಗಿ ಹೋಗುತ್ತದೆ. "ಕನ್ನಡ" ಎಂಬ ಪದಕ್ಕೆ ಒತ್ತಕ್ಷರದ ಚಿಹ್ನೆಯೂ ಸೇರಿ 15 ಬೈಟು. ಅದನ್ನೇ ಇಂಗ್ಲಿಷಿನಲ್ಲಿ ಬರೆದರೆ 7 ಸಾಕು. "ನಮ್ಮದು ಭಾರ ಜಾಸ್ತಿ ಅಲ್ವಾ ಟೀಚರ್" ಎಂದ ಒಬ್ಬ. ಹೌದು ಮಾರಾಯ, ಆದರೆ 100 ಮೆಗಾಬಿಟ್ ದಾರಿಯಲ್ಲಿ ಎಂಟು ಬೈಟಿನ ಹೆಚ್ಚುವರಿ ಹೊರೆ ಎಷ್ಟು ಹೊತ್ತು ತಡ ಮಾಡೀತು, ನೀನೇ ಲೆಕ್ಕ ಹಾಕು ಎಂದೆವು. ಒಂದು ಮೈಕ್ರೊಸೆಕೆಂಡೂ ಇಲ್ಲ ಎಂದು ಅವನೇ ಬೋರ್ಡಿನಲ್ಲಿ ಬಿಡಿಸಿದ.

ಹಸಿರು ಜೋಡಿಯ ಪ್ರಶ್ನೆ ಕೇಳಿದವಳ ಅಪ್ಪ ಈ ಸಲ ಟಿ.ಸಿ. ಅರ್ಜಿ ಹಿಡಿದು ಬಂದರು. ಅವಳೇ ಅವರನ್ನು ಲ್ಯಾಬಿಗೆ ಕರೆದುಕೊಂಡು ಹೋಗಿ ತಾನು ಕ್ರಿಂಪ್ ಮಾಡಿದ ಕೇಬಲ್ ತೋರಿಸಿದಳು. ಆಫೀಸಿಗೆ ಹೋಗುವುದು ಅದೇ, ಬಿಸಿಯೂಟದ ಲೆಕ್ಕ ದಿನವೂ ಹೊರಗೆ ಹೋಗುವುದು ಅದರಲ್ಲೇ. ತೋಟಕ್ಕೆ ಸ್ಪ್ರಿಂಕ್ಲರ್ ಪೈಪು ಎಳೆದು ಗೊತ್ತಿರುವ ಮನುಷ್ಯ, ಬಗ್ಗಿ ಜಾಯಿಂಟು ನೋಡಿದರು. "ಇದು ಎಷ್ಟು ದೂರ ಹೋದೀತು?" ಎಂದು ಕೇಳಿದರು. "100 ಮೀಟರ್ ಅಪ್ಪ, ಮತ್ತೆ ನಡುವೆ ಒಂದು ಸ್ವಿಚ್ ಬೇಕು" ಎಂದಳು ಅವಳು, ನಾವು ಬಾಯಿ ತೆರೆಯುವ ಮೊದಲೇ.

ಅರ್ಜಿ ನಮ್ಮ ಮೇಜಿನ ಮೇಲೆಯೇ ಇದೆ. ವಾಪಸು ತೆಗೆದುಕೊಂಡಿಲ್ಲ, ಟಿ.ಸಿ. ಕೊಡಿ ಎಂದು ಮತ್ತೆ ಕೇಳಲೂ ಇಲ್ಲ. ಆರನೇ ಕೆಲಸದ ದಿನಕ್ಕೆ ಇನ್ನು ಮೂರು ದಿನ ಉಂಟು.