ಹಿಮಚಿರತೆಯ ಕೊರಳಪಟ್ಟಿ

ಅಹಿಂಸಾಣುವ್ರತವನ್ನು ಸ್ವೀಕರಿಸಿದ ಗೃಹಸ್ಥನು ದೂರವಿಡಬೇಕಾದ ಐದು ಅತಿಚಾರಗಳನ್ನು ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಎಣಿಸಿದ್ದಾರೆ. ಜೀವಿಯನ್ನು ಕಟ್ಟಿಹಾಕುವುದು ಅವುಗಳಲ್ಲಿ ಮೊದಲನೆಯದು. ಅಳತೆ ಮೀರಿ ಭಾರ ಹೇರುವುದು ನಾಲ್ಕನೆಯದು. ಗಾಡಿಯ ಎತ್ತು, ಕೊಟ್ಟಿಗೆಯ ಹಸು ಇವುಗಳ ವಿಷಯದಲ್ಲಿ ಈ ಮಾತಿನ ಅರ್ಥ ಎಲ್ಲ ಶ್ರಾವಕರಿಗೂ ತಿಳಿದದ್ದೇ. ಆದರೆ ಕಾಡಿನ ಜೀವಿಯೊಂದನ್ನು ಉಳಿಸುವ ಉದ್ದೇಶದಿಂದಲೇ ಅದನ್ನು ಉರುಳಿನಲ್ಲಿ ಹಿಡಿದು, ಮದ್ದಿನಿಂದ ಎಚ್ಚರ ತಪ್ಪಿಸಿ, ಕೊರಳಿಗೆ ಯಂತ್ರವೊಂದನ್ನು ಕಟ್ಟಿದರೆ ಅದು ದಯೆಯೋ, ಹಿಂಸೆಯೋ? ಹಿಮಚಿರತೆಯ ಸಂಶೋಧನೆ ನಾಲ್ಕು ದಶಕಗಳಿಂದ ಈ ಪ್ರಶ್ನೆಯನ್ನು ಎದುರಿಸುತ್ತಲೇ ಬಂದಿದೆ.

ಹಿಮಚಿರತೆಯು ಮಧ್ಯ ಹಾಗೂ ದಕ್ಷಿಣ ಏಷ್ಯದ 12 ದೇಶಗಳ ಎತ್ತರದ ಪರ್ವತಗಳಲ್ಲಿ ಬಾಳುವ ಪ್ರಾಣಿ. ಬೂದುಬಣ್ಣದ ಮೈ, ಮಸುಕಾದ ಮಚ್ಚೆಗಳು. ಬಂಡೆಯ ಮೇಲೆ ಮಲಗಿದರೆ ಬಂಡೆಗೂ ಅದಕ್ಕೂ ಭೇದ ತಿಳಿಯದು. ಕಣ್ಣಿಗೇ ಕಾಣದ ಜೀವಿಯನ್ನು ರಕ್ಷಿಸುವುದಾದರೂ ಹೇಗೆ? ಈ ತೊಡಕನ್ನು ಬಿಡಿಸಲೆಂದು ರಾಡ್ನಿ ಜಾಕ್ಸನ್ ಎಂಬ ಸಂಶೋಧಕರು 1982ರಲ್ಲಿ ಪಶ್ಚಿಮ ನೇಪಾಳದ ಲಂಗು ಕಣಿವೆಯಲ್ಲಿ ಮೊತ್ತಮೊದಲು ಹಿಮಚಿರತೆಗೆ ರೇಡಿಯೋ ಕೊರಳಪಟ್ಟಿ ತೊಡಿಸಿದರು. ಮುಂದಿನ ಕೆಲವು ವರ್ಷಗಳಲ್ಲಿ ಒಟ್ಟು ಐದು ಪ್ರಾಣಿಗಳ ಜಾಡನ್ನು ಹೀಗೆ ಹಿಡಿದರು. ಕೈಯಲ್ಲಿ ಆಂಟೆನಾ ಹಿಡಿದು, ಕಡಿದಾದ ಇಳಿಜಾರುಗಳನ್ನೇರಿ, ಸಂಕೇತ ಬರುವ ದಿಕ್ಕನ್ನು ಗುರುತಿಸುವುದು ಆಗಿನ ಕ್ರಮವಾಗಿತ್ತು.

ಮಂಗೋಲಿಯಾದ ದಕ್ಷಿಣ ಗೋಬಿಯಲ್ಲಿರುವ ಟೋಸ್ಟ್ ಬೆಟ್ಟಗಳಲ್ಲಿ 2008ರಲ್ಲಿ ಆರಂಭವಾದ ಅಧ್ಯಯನ ಇದಕ್ಕಿಂತ ಬಹಳ ಮುಂದೆ ಸಾಗಿತು. ಸ್ವೀಡನ್ನಿನ ಓರ್ಯನ್ ಯೋಹಾನ್ಸನ್ ಮತ್ತು ಸಂಗಡಿಗರು ಅಲ್ಲಿ 20ಕ್ಕೂ ಹೆಚ್ಚು ಹಿಮಚಿರತೆಗಳಿಗೆ, ಉಪಗ್ರಹದ ನೆರವಿನಿಂದ ನೆಲೆ ತಿಳಿಸುವ ಪಟ್ಟಿಗಳನ್ನು ತೊಡಿಸಿದರು. ಪ್ರಾಣಿ ಹಾಯುವ ದಾರಿಯಲ್ಲಿ ಕಾಲಿಗೆ ಸಿಲುಕುವ ಉರುಳನ್ನು ಒಡ್ಡಲಾಗುತ್ತದೆ. ಉರುಳು ಬಿಗಿದೊಡನೆ ಅದಕ್ಕೆ ಜೋಡಿಸಿದ ಸಾಧನವು ಬಿಡಾರಕ್ಕೆ ಸೂಚನೆ ಕಳುಹಿಸುತ್ತದೆ. ನಡುರಾತ್ರಿಯಿರಲಿ, ಕೊರೆಯುವ ಚಳಿಯಿರಲಿ, ಆಗಲೇ ಹೊರಡಬೇಕು. ಸಿಲುಕಿದ ಜೀವಕ್ಕೆ ಒಂದೊಂದು ಗಳಿಗೆಯೂ ಭಯದ ಗಳಿಗೆ. ಮದ್ದು ನೀಡಿ ಮಲಗಿಸಿದ ಮೇಲೆ ಅದರ ಕಣ್ಣುಗಳನ್ನು ಮುಚ್ಚಿ, ಉಸಿರನ್ನೂ ಮೈಶಾಖವನ್ನೂ ಗಮನಿಸುತ್ತಾ ಪಟ್ಟಿಯನ್ನು ಕಟ್ಟುತ್ತಾರೆ. ಪಟ್ಟಿಯ ಭಾರ ದೇಹದ ತೂಕದ ಶೇಕಡ 3ನ್ನು ಮೀರಬಾರದೆಂಬುದು ಇಂಥ ಕೆಲಸದಲ್ಲಿ ಸಾಮಾನ್ಯವಾಗಿ ಪಾಲಿಸುವ ನಿಯಮ. ಗೊತ್ತುಪಡಿಸಿದ ಅವಧಿ ಮುಗಿದಾಗ ಅದು ತಾನಾಗಿ ಕಳಚಿಬೀಳುವ ಏರ್ಪಾಡೂ ಉಂಟು.

ಇಷ್ಟು ಎಚ್ಚರ ವಹಿಸಿದ ಮಾತ್ರಕ್ಕೆ ದೋಷವೇ ಇಲ್ಲವೆನ್ನಲಾಗದು. ತನ್ನ ಕುಲದ ಹಿತಕ್ಕಾಗಿ ಈ ಕ್ಲೇಶವೆಂದು ಉರುಳಿನಲ್ಲಿರುವ ಚಿರತೆಗೆ ತಿಳಿಯದು; ಅದರ ಒಪ್ಪಿಗೆಯನ್ನು ಕೇಳಿದವರೂ ಇಲ್ಲ. ಆದರೆ ಶಾಸ್ತ್ರವು ಹಿಂಸೆಯ ಮೂಲವನ್ನು ಪ್ರಮಾದದಲ್ಲಿ ಕಾಣುತ್ತದೆ. ಆದುದರಿಂದ ಕೇಳಬೇಕಾದ ಪ್ರಶ್ನೆಗಳು ಮೂರು: ಈ ಬಂಧನ ಅನಿವಾರ್ಯವೇ? ಅದರಲ್ಲಿ ಅಜಾಗ್ರತೆಗೆ ಎಡೆಯಿದೆಯೇ? ಅದರಿಂದ ದೊರೆತ ಅರಿವು ಆ ಜೀವಿಗೇ ಸಲ್ಲುತ್ತದೆಯೇ?

ಮೂರನೆಯ ಪ್ರಶ್ನೆಗೆ ಟೋಸ್ಟ್ ಬೆಟ್ಟಗಳು ಉತ್ತರವಿತ್ತಿವೆ. ಅಲ್ಲಿ ಒಂದು ಹೆಣ್ಣು ಚಿರತೆಗೆ ಸುಮಾರು 124 ಚದರ ಕಿಲೋಮೀಟರ್, ಗಂಡಿಗೆ ಸುಮಾರು 207 ಚದರ ಕಿಲೋಮೀಟರ್ ನೆಲೆ ಬೇಕೆಂದು 2016ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಹಿಮಚಿರತೆಯ ನಾಡುಗಳಲ್ಲಿರುವ ರಕ್ಷಿತಾರಣ್ಯಗಳ ಪೈಕಿ ಶೇಕಡ 40ರಷ್ಟು, ಒಂದೇ ಒಂದು ಗಂಡು ಚಿರತೆಯ ನೆಲೆಗಿಂತಲೂ ಕಿರಿದಾದವು! ನಕ್ಷೆಯಲ್ಲಿ ಗೆರೆ ಎಳೆದು ರಕ್ಷಿಸಿದೆವೆಂದು ನಂಬಿದ್ದವರ ಕಣ್ಣು ತೆರೆಯಿತು. ಅದೇ 2016ರಲ್ಲಿ, ಗಣಿಗಾರಿಕೆಯ ಬೆದರಿಕೆಯಲ್ಲಿದ್ದ ಟೋಸ್ಟ್ ಬೆಟ್ಟಗಳನ್ನು ಮಂಗೋಲಿಯಾ ರಕ್ಷಿತ ಪ್ರದೇಶವೆಂದು ಘೋಷಿಸಿತು. ಇದರ ಹಿಂದೆ ಸಂಶೋಧಕರ ಶ್ರಮವಿದ್ದಂತೆ ಸ್ಥಳೀಯ ಪಶುಪಾಲಕರ ಒತ್ತಾಸೆಯೂ ಇತ್ತು.

ಆ ಪಶುಪಾಲಕರ ಅಳಲನ್ನೂ ಮರೆಯುವಂತಿಲ್ಲ. ಪಟ್ಟಿ ತೊಟ್ಟ ಚಿರತೆಗಳ ಬೇಟೆಗಳನ್ನು ಹುಡುಕಿ ನೋಡಿದಾಗ ಶೇಕಡ 73 ಕಾಡುಮೇಕೆ ಮೊದಲಾದ ವನ್ಯಜೀವಿಗಳಾಗಿದ್ದವು. ಶೇಕಡ 27 ಸಾಕುಪ್ರಾಣಿಗಳಾಗಿದ್ದವು. ಮಂದೆಯನ್ನೇ ನಂಬಿದ ಬಡಕುಟುಂಬಕ್ಕೆ ಈ ನಷ್ಟ ಅಲ್ಪವಲ್ಲ. ಚಿರತೆಯನ್ನು ಕೊಲ್ಲುವ ಕೈಗೆ ಬಲ ಬರುವುದು ಇಂಥ ನೋವಿನಿಂದಲೇ.

ಜಾಕ್ಸನ್ನರ ನಂತರದ ಮಾರ್ಗ ಇಲ್ಲಿ ನೆನೆಯತಕ್ಕದ್ದು. ಅವರು ಕೊರಳಪಟ್ಟಿಯನ್ನು ಬಿಟ್ಟು, ಲಡಾಖಿನ ಹೆಮಿಸ್ ರಾಷ್ಟ್ರೀಯ ಉದ್ಯಾನದಲ್ಲಿ ದಾರಿಬದಿಗೆ ಕ್ಯಾಮೆರಾಗಳನ್ನಿರಿಸಿ, ಮೈಯ ಮಚ್ಚೆಗಳಿಂದಲೇ ಒಂದೊಂದು ಚಿರತೆಯನ್ನು ಗುರುತಿಸಿದರು. ಹಳ್ಳಿಗರ ಕುರಿದೊಡ್ಡಿಗಳಿಗೆ ತಂತಿಬಲೆಯ ಮಾಡು ಹಾಕಿಸುವ ಕೆಲಸಕ್ಕೆ ಕೈಹಚ್ಚಿದರು. ಮೈಸೂರಿನಲ್ಲಿ 1996ರಲ್ಲಿ ಸ್ಥಾಪಿತವಾದ ನೇಚರ್ ಕನ್ಸರ್ವೇಷನ್ ಫೌಂಡೇಷನ್ ಸಂಸ್ಥೆಯೂ ಹಿಮಾಚಲದ ಸ್ಪಿತಿಯ ಕಿಬ್ಬರ್ ಗ್ರಾಮದಲ್ಲಿ, ಊರಿನವರ ಒಪ್ಪಿಗೆಯಿಂದ ಹುಲ್ಲುಗಾವಲಿನ ಒಂದು ಭಾಗವನ್ನು ಕಾಡುಕುರಿಗಳಿಗೆ ಬಿಡಿಸಿತು. ಜಾನುವಾರು ವಿಮೆಯ ಏರ್ಪಾಡನ್ನೂ ಮಾಡಿತು. ಭಾರತದಲ್ಲಿ 2019ರಿಂದ 2023ರವರೆಗೆ ನಡೆದು, 718 ಹಿಮಚಿರತೆಗಳೆಂದು ಅಂದಾಜಿಸಿದ ಗಣತಿಯೂ ಕ್ಯಾಮೆರಾಗಳನ್ನೇ ಆಧರಿಸಿತ್ತು. ಕಟ್ಟದೆಯೇ ತಿಳಿಯಬಹುದಾದುದನ್ನು ಕಟ್ಟಿ ತಿಳಿಯುವುದು ಪ್ರಮಾದವೇ ಸರಿ. ಪಟ್ಟಿಯಿಂದಲ್ಲದೆ ತಿಳಿಯಲಾಗದ ವಿಷಯಕ್ಕೆ ಮಾತ್ರ, ಕೆಲವೇ ಪ್ರಾಣಿಗಳಿಗೆ, ಮಿತವಾದ ಕಾಲ ಅದನ್ನು ತೊಡಿಸಿದರೆ ಆ ದೋಷಕ್ಕೆ ಒಂದು ಎಲ್ಲೆಯುಂಟು.

ನಮ್ಮ ಗೃಹಸ್ಥಧರ್ಮದಲ್ಲಿ ದಿಗ್ವ್ರತವೆಂಬ ನಿಯಮವಿದೆ: ತಾನು ಇಂತಿಷ್ಟೇ ದೂರ ಸಂಚರಿಸುವೆನೆಂದು ಶ್ರಾವಕನು ತನಗೆ ತಾನೇ ಮೇರೆ ಹಾಕಿಕೊಳ್ಳುವುದು. ಆ ಮೇರೆಯ ಆಚೆಗಿನ ಜೀವಿಗಳಿಗೆಲ್ಲ ಅದೇ ಅಭಯ. ಹಿಮಚಿರತೆ ತನಗೆಷ್ಟು ನೆಲ ಬೇಕೆಂಬುದನ್ನು ಕೊರಳಪಟ್ಟಿ ಹೊತ್ತು ತಿಳಿಸಿಕೊಟ್ಟಿದೆ. ಅದರ ಪಟ್ಟಿ ಕೆಲಕಾಲದ ಬಳಿಕ ಕಳಚಿಬೀಳುತ್ತದೆ. ಅನಂತರವೂ ಉಳಿಯಬೇಕಾದುದು ಮನುಷ್ಯನು ತನ್ನ ಗಣಿಗೆ, ತನ್ನ ಮಂದೆಗೆ, ತನ್ನ ಆಸೆಗೆ ಹಾಕಿಕೊಳ್ಳುವ ಮೇರೆ. ಅದನ್ನು ಹಾಕಿಕೊಳ್ಳದಿದ್ದರೆ ಉರುಳಿನಲ್ಲಿ ಆ ಮೂಕಜೀವಿ ಪಟ್ಟ ಕ್ಲೇಶವೆಲ್ಲ ವ್ಯರ್ಥವಾದೀತು.