ನೀರು ಇಳಿದಾಗ ಕಾಣುವ ಶೆಟ್ಟಿಹಳ್ಳಿ

ಶೆಟ್ಟಿಹಳ್ಳಿಯ ರೋಸರಿ ಚರ್ಚ್ ಫೋಟೋವನ್ನು ನೀವು ಇನ್‌ಸ್ಟಾಗ್ರಾಮ್‌ನಲ್ಲಿ ನೋಡೇ ಇರ್ತೀರಿ. ಮಳೆಗಾಲದ ಮೋಡದ ಕೆಳಗೆ, ಅರ್ಧ ನೀರಲ್ಲಿ ಮುಳುಗಿ, ಹಡಗಿನ ಹಾಗೆ ನಿಂತಿರುವ ಗೋಡೆಗಳು. ಬಹಳಷ್ಟು ಜನ ಹೋಗೋದು ಆ ದೃಶ್ಯಕ್ಕಾಗಿಯೇ. ನಾನು ಹೋಗಿದ್ದು ಬೇಸಿಗೆಯಲ್ಲಿ, ಗರಿಗಳ ಭಾನುವಾರದ ಹಿಂದಿನ ದಿನ. ಈಸ್ಟರ್‌ಗೆ ಇನ್ನು ಎಂಟೇ ದಿನ ಬಾಕಿ ಇತ್ತು.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡ್ತೀನಿ. ಈಸ್ಟರ್‌ಗೆ ಮುಂಚಿನ 40 ದಿನಗಳನ್ನು ನಾವು ಕ್ಯಾಥೊಲಿಕರು ತಪಸ್ಸುಕಾಲ ಅಂತೀವಿ. ಬೂದಿ ಬುಧವಾರದಿಂದ ಎಣಿಸಿದರೆ 46 ದಿನ ಆಗುತ್ತೆ. ನಡುವಿನ ಆರು ಭಾನುವಾರ ಬಿಟ್ಟು 40. ಯೇಸು ಮರುಭೂಮಿಯಲ್ಲಿ ಉಪವಾಸವಿದ್ದ ದಿನಗಳ ನೆನಪು ಅದು. ಹಿಂದಿನ ವರ್ಷದ ಗರಿಗಳನ್ನು ಸುಟ್ಟು ಮಾಡಿದ ಬೂದಿಯನ್ನು ಹಣೆಗೆ ಹಚ್ಚಿಸಿಕೊಂಡು ಶುರು ಮಾಡ್ತೀವಿ. ಆಮೇಲೆ ಪ್ರಾರ್ಥನೆ, ಉಪವಾಸ, ದಾನ. ಆಫೀಸಿನಲ್ಲಿ ಗೆಳೆಯರು ಪ್ರತಿ ವರ್ಷ ಕೇಳೋ ಪ್ರಶ್ನೆ ಒಂದೇ: "ಈ ಸಲ ಏನು ಬಿಟ್ಟೆ?" ಮಟನ್, ಕಾಫಿ, ರೀಲ್ಸ್ — ಉತ್ತರ ಏನಾದರೊಂದು ಇರುತ್ತೆ.

ಹಾಸನದಿಂದ ಶೆಟ್ಟಿಹಳ್ಳಿಗೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ದಾರಿಯುದ್ದಕ್ಕೂ ಹೊಲ, ತೆಂಗು, ಸಣ್ಣ ಸಣ್ಣ ಊರು. ಹಿನ್ನೀರು ದೂರಕ್ಕೆ ಸರಿದಿತ್ತು. ಒಣಗಿ ಬಿರುಕು ಬಿಟ್ಟ ಹೂಳಿನ ಮೇಲೆ ನಡೆದೇ ಚರ್ಚಿನೊಳಗೆ ಹೋದೆ. ಚಾವಣಿ ಇಲ್ಲ, ಬಾಗಿಲಿಲ್ಲ, ಪೀಠ ಇಲ್ಲ. ಗಾಥಿಕ್ ಶೈಲಿಯ ಕಮಾನುಗಳ ನಡುವೆ ಆಕಾಶ. ಗಾರೆ ಉದುರಿದ ಕಡೆ ಇಟ್ಟಿಗೆ ಕಾಣುತ್ತೆ. ನೀರು ಎಷ್ಟೆತ್ತರ ಬಂದಿತ್ತು ಅನ್ನೋದಕ್ಕೆ ಗೋಡೆ ಮೇಲೆ ಗೆರೆಗಳಿವೆ. ಪ್ರಾರ್ಥನೆ ನಡೀತಿದ್ದ ಜಾಗದಲ್ಲಿ ಎರಡು ಹಸು ಮೇಯ್ತಿದ್ವು.

1860ರ ಸುಮಾರಿಗೆ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಚರ್ಚ್ ಇದು. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ರು ಅಂತ ಈಗಲೂ ಜನ ಹೇಳ್ತಾರೆ. ಆಮೇಲೆ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂತು. 1979ರಲ್ಲಿ ಅದು ಪೂರ್ತಿಯಾಯಿತು. ಹಿನ್ನೀರು ಏರಿದ ಹಾಗೆ ಊರು ಎದ್ದು ಹೋಯಿತು, ಚರ್ಚ್ ಮಾತ್ರ ಉಳಿಯಿತು. ಅವತ್ತಿನಿಂದ ಮಳೆಗಾಲದಲ್ಲಿ ಮುಳುಗೋದು, ಬೇಸಿಗೆಯಲ್ಲಿ ಏಳೋದು.

ಹೊರಗೆ ಮೇಕೆ ಕಾಯ್ತಿದ್ದ ಹಿರಿಯರೊಬ್ಬರು ಸಿಕ್ಕಿದರು. "ನಿಮ್ಮ ಮನೆ ಎಲ್ಲಿತ್ತು?" ಅಂತ ಕೇಳಿದೆ. ಕೋಲು ಎತ್ತಿ ತೋರಿಸಿದರು. ಬರೀ ಹುಲ್ಲು, ಅದರಾಚೆ ನೀರು. "ಊರು ಬಿಟ್ಟುಕೊಟ್ರಿ ಅಲ್ವಾ" ಅಂದೆ. "ಕೊಟ್ವಿ ಅನ್ನೋಕಾಗಲ್ಲ ಕಣಪ್ಪ, ತಗೊಂಡ್ರು," ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಏನೋ, ಕೆಳಗಿನೋರು ಬೆಳೆ ತೆಗೀತವ್ರಲ್ಲ, ಅಷ್ಟೇ," ಅಂದು ಮೇಕೆಗಳ ಹಿಂದೆ ಹೊರಟುಹೋದರು.

ಅವರು ಹೇಳಿದ್ದು ನಿಜ. ಹಾಸನ, ಮಂಡ್ಯ, ತುಮಕೂರಿನ ಹೊಲಗಳಿಗೆ ಹೇಮಾವತಿ ನೀರು ಹೋಗುತ್ತೆ. ನಮ್ಮ ತಟ್ಟೆಯ ಅನ್ನದಲ್ಲೂ ಅದರ ಪಾಲು ಇರಬಹುದು. ನಾನು ಕಾಫಿ ಬಿಟ್ಟರೆ 40 ದಿನ ಆದಮೇಲೆ ಅದು ವಾಪಸ್ ಸಿಗುತ್ತೆ. ಅವರಿಗೆ ಊರು ವಾಪಸ್ ಸಿಗಲಿಲ್ಲ. ನಾವೇ ಇಷ್ಟಪಟ್ಟು ಬಿಡೋದು ತ್ಯಾಗ. ಇನ್ನೊಬ್ಬರು ಕಸಿದುಕೊಂಡದ್ದನ್ನು ತ್ಯಾಗ ಅಂತ ನಾವು ಕರೆದುಬಿಟ್ಟರೆ ನಮ್ಮ ಸಾಲ ತೀರೋದಿಲ್ಲ. ಬೈಬಲಿನಲ್ಲಿ ಯೆಶಾಯನ ಗ್ರಂಥದ 58ನೇ ಅಧ್ಯಾಯ ಇದನ್ನೇ ಹೇಳುತ್ತೆ: ದೇವರಿಗೆ ಬೇಕಾದ ಉಪವಾಸ ಅಂದರೆ ತಲೆ ಬಗ್ಗಿಸಿ ಕೂರೋದಲ್ಲ, ಹಸಿದವನ ಜೊತೆ ರೊಟ್ಟಿ ಹಂಚಿಕೊಳ್ಳೋದು, ಮನೆ ಇಲ್ಲದವನಿಗೆ ಮನೆ ತೆರೆಯೋದು. ಬೂದಿ ಬುಧವಾರ ಕಳೆದ ಮೊದಲ ಶುಕ್ರವಾರವೇ ಚರ್ಚಿನಲ್ಲಿ ಅದನ್ನು ಓದ್ತಾರೆ. ಎಷ್ಟೋ ವರ್ಷ ಕೇಳಿದ್ದ ಆ ಮಾತಿಗೆ ಶೆಟ್ಟಿಹಳ್ಳಿಯಲ್ಲಿ ಒಂದು ಮುಖ ಸಿಕ್ಕಿತು.

ಪವಿತ್ರ ಗುರುವಾರ ರಾತ್ರಿ ನಮ್ಮ ಚರ್ಚುಗಳಲ್ಲಿ ಪೀಠದ ಬಟ್ಟೆ, ಹೂವು, ದೀಪ ಎಲ್ಲ ತೆಗೆದುಬಿಡ್ತಾರೆ. ಶುಭ ಶುಕ್ರವಾರ ಬಲಿಪೂಜೆಯೇ ಇರಲ್ಲ. ಶನಿವಾರ ರಾತ್ರಿ ಕತ್ತಲಲ್ಲಿ ಹೊಸ ಬೆಂಕಿ ಹೊತ್ತಿಸಿ, ಆ ವರ್ಷದ ಅಂಕಿ ಕೆತ್ತಿದ ಪಾಸ್ಖ ಮೇಣದಬತ್ತಿ ಹಚ್ಚೋವರೆಗೂ ಆ ಖಾಲಿತನ ಹಾಗೇ ಇರುತ್ತೆ. ಈಸ್ಟರ್‌ನ ಮೊದಲ ಸುದ್ದಿಯೂ ಒಂದು ಖಾಲಿ ಜಾಗವೇ ಅಲ್ವಾ? ಸಮಾಧಿ ಬರಿದಾಗಿತ್ತು.

ಹಾಗಂತ ಪುನರುತ್ಥಾನ ಅಂದರೆ ಎಲ್ಲವೂ ಮೊದಲಿನಂತೆ ಆಗೋದಲ್ಲ. ಎದ್ದುಬಂದ ಯೇಸುವಿನ ಕೈಯಲ್ಲಿ ಮೊಳೆಯ ಗಾಯಗಳು ಹಾಗೇ ಇದ್ದವು. ತೋಮನಿಗೆ ಅವುಗಳನ್ನೇ ತೋರಿಸಿದ. ಗಾಯ ಮುಚ್ಚಿಡದ ಎದ್ದೇಳುವಿಕೆ ಅದು. ಈ ಚರ್ಚೂ ಪ್ರತಿ ಬೇಸಿಗೆ ನೀರಿನ ಗೆರೆ ಹೊತ್ತೇ ಏಳುತ್ತೆ. ಬೇಗ ಮರೆಯೋ ನಮಗೆ, ಇಲ್ಲೊಂದು ಊರಿತ್ತು ಅಂತ ನೆನಪಿಸುತ್ತೆ.

ನೀವೂ ಹೋಗೋದಾದ್ರೆ ಮಾರ್ಚ್, ಏಪ್ರಿಲ್ ಒಳ್ಳೇ ಸಮಯ. ಬೆಳಿಗ್ಗೆ ಬೇಗ ಹೋಗಿ, ನೆರಳಿಲ್ಲ. ಕುಡಿಯೋ ನೀರು, ಟೋಪಿ ಇಟ್ಟುಕೊಳ್ಳಿ. ಗೋಡೆಗಳು ಶಿಥಿಲ ಆಗಿವೆ, ದಯವಿಟ್ಟು ಹತ್ತಬೇಡಿ, ಹೆಸರು ಕೆತ್ತಬೇಡಿ. ಫೋಟೋ ಖಂಡಿತ ತೆಗೀರಿ. ಹೊರಡೋ ಮುಂಚೆ, ಅಲ್ಲಿಯವರು ಯಾರಾದ್ರೂ ಸಿಕ್ಕಿದರೆ, ನಿಮ್ಮ ಮನೆ ಎಲ್ಲಿತ್ತು ಅಂತ ಒಂದು ಮಾತು ಕೇಳಿ.